ಟೀ ಓದುವ ಹುಡುಗಿಯ ಊರಿಗೆ

ಹಟ್ಟಿಯಿಂದ ಹೊರಡುವಾಗ

ನಮ್ಮ ಹಟ್ಟಿಯಲ್ಲಿ ಟೀ ಗಿಡ ಇಲ್ಲದ ಮನೆ ಇಲ್ಲ. ಎಲೆ ಟೀ ಆಗುವುದನ್ನು ಕಣ್ಣಾರೆ ಕಂಡ ಹೆಂಗಸೂ ಇಲ್ಲ. ಊಟಿ ಸೀಮೆಯಲ್ಲಿ, ಇತ್ತಲಾರಿನಿಂದ ಕುಂದಾ ಕಡೆಗೆ ಇಳಿಯುವ ದಾರಿಯಲ್ಲಿ ನಮ್ಮ ಮನೆ. ಕಿತ್ತ ಎಲೆಯನ್ನು ಚೀಲಕ್ಕೆ ತುಂಬಿ ರಸ್ತೆ ಬದಿಯಲ್ಲಿ ಇಡುತ್ತೇವೆ, ಫ್ಯಾಕ್ಟರಿಯ ಲಾರಿ ಬಂದು ತೂಗಿ ಒಯ್ಯುತ್ತದೆ. ಅಲ್ಲಿಗೆ ನಮಗೂ ಎಲೆಗೂ ಋಣ ತೀರಿತು. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಈ ಬೆಟ್ಟಕ್ಕೆ ಬಂದ ನಾನು ಇಷ್ಟು ವರ್ಷ ಟೀಪುಡಿಯನ್ನು ಅಂಗಡಿಯಿಂದಲೇ ತಂದಿದ್ದೇನೆ.

ಇಂಥ ನಾನು ಕಡಲು ದಾಟಿದ್ದು ಮುತ್ತಮ್ಮನ ದೆಸೆಯಿಂದ. ಮುತ್ತಮ್ಮ ನಮ್ಮ ತೋಟದಲ್ಲಿ ಎಲೆ ಕೀಳುವವಳು. ಹುಟ್ಟಿದ್ದು ಸಿಲೋನಿನಲ್ಲಿ, ಚಿಕ್ಕವಳಿದ್ದಾಗ ಅಪ್ಪ ಅಮ್ಮನ ಜೊತೆ ಹಡಗು ಹತ್ತಿ ಬಂದು ಈ ಬೆಟ್ಟ ಸೇರಿದಳು. ಮದುವೆಯಾಗಿದ್ದ ಅವಳ ಅಕ್ಕ ಅಲ್ಲೇ ಉಳಿದಳು. ಅಕ್ಕ ಈಗಿಲ್ಲ. ಅಕ್ಕನ ಮಗಳು ಪುಷ್ಪಂ ಅಲ್ಲಿಯ ಎಸ್ಟೇಟಿನಲ್ಲಿ ಎಲೆ ಕೀಳುತ್ತಾಳೆ. ಪುಷ್ಪಳ ಮಗಳು ಕಲೈಚೆಲ್ವಿ ಮಾತ್ರ ಕಾಲೇಜಿಗೆ ಹೋಗುತ್ತಾಳೆ.

"ಏನು ಓದುತ್ತಾಳೆ?" ಎಂದು ಒಂದು ದಿನ ಕೇಳಿದೆ.

"ಟೀ ಓದುತ್ತಾಳಮ್ಮಾ."

"ಟೀಯಲ್ಲಿ ಓದುವುದಕ್ಕೆ ಏನಿದೆ ಮುತ್ತಮ್ಮ?"

"ಯಾರಿಗೆ ಗೊತ್ತು? ನಾವೆಲ್ಲ ಕಿತ್ತು ಕಿತ್ತು ಬೆನ್ನು ಬಗ್ಗಿಸಿಕೊಂಡೆವು. ಅವಳು ನೆಟ್ಟಗೆ ಕೂತು ಓದುತ್ತಾಳಂತೆ!"

ಈ ಮಾತು ನಮ್ಮನೆಯವರ ಕಿವಿಗೆ ಬಿತ್ತು. ಅವರು ಸಣ್ಣ ಬೆಳೆಗಾರರ ಸಂಘದಲ್ಲಿ ಓಡಾಡುವವರು. ನಮ್ಮ ಮಕ್ಕಳು ಊಟಿ, ಕೊಯಮತ್ತೂರು ಎಂದು ಹೋಗಿ ಏನೇನೋ ಓದಿ ಬರುತ್ತಾರೆ, ನಮ್ಮ ಫ್ಯಾಕ್ಟರಿಯ ಯಂತ್ರ ಕೆಟ್ಟರೆ ಮಾತ್ರ ದೂರದಿಂದ ಜನ ಬರಬೇಕು ಎಂಬ ಕೊರಗು ಅವರಿಗೆ. ಸಂಘದಿಂದ ಆ ಹುಡುಗಿ ಓದುವ ವಿಶ್ವವಿದ್ಯಾಲಯಕ್ಕೆ ಬರೆದರು. ಕೊನೆ ವರ್ಷದ ಮಕ್ಕಳು ತಾವೇ ಟೀ ತಯಾರಿಸಿ ತೋರಿಸುವ ವಾರ ಬನ್ನಿ, ನೋಡಿ, ಎಂದು ಉತ್ತರ ಬಂತು. ನಮ್ಮನೆಯವರಿಗೆ ಸಕ್ಕರೆ ಕಾಯಿಲೆ. ಅವರ ಊಟ, ಮಾತ್ರೆ ನೋಡಿಕೊಳ್ಳುವ ನೆಪದಲ್ಲಿ ನಾನೂ ಹೊರಟೆ. ಕಾಯಿಲೆಯಿಂದಲೂ ಒಂದು ಉಪಕಾರ ಆಗುತ್ತದೆ ಎಂದರೆ ಶಿವನ ಲೆಕ್ಕ ನಮಗೆ ತಿಳಿಯುವುದಲ್ಲ.

ಮುತ್ತಮ್ಮ ಪುಷ್ಪಳಿಗೆಂದು ಒಂದು ಡಬ್ಬಿ ಊಟಿ ವರ್ಕಿ ಬಿಸ್ಕತ್ತು ಕೊಟ್ಟಳು. "ಕಲೈ ಹೇಗಿದ್ದಾಳೆ, ಏನು ಓದುತ್ತಾಳೆ, ನೋಡಿಕೊಂಡು ಬಂದು ಹೇಳಿ" ಎಂದಳು.

ವಿಮಾನ ನಿಲ್ದಾಣ

ನಾವು ವೀರಶೈವರು. ಕೊರಳಲ್ಲಿ ಲಿಂಗದ ಕರಡಿಗೆ, ಕೈಚೀಲದಲ್ಲಿ ವಿಭೂತಿ ಗಟ್ಟಿ, ಒಂದು ಪೊಟ್ಟಣ ಸಾಂಬ್ರಾಣಿ. ಮದ್ರಾಸಿನಲ್ಲಿ ತಪಾಸಣೆಯ ಹುಡುಗಿ ವಿಭೂತಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದೇನು ಪುಡಿ?" ಎಂದಳು. ಹಣೆ ತೋರಿಸಿದೆ. ಅವಳು ನಕ್ಕುಬಿಟ್ಟು, ಅತ್ತಿತ್ತ ನೋಡಿ, ತಾನೂ ಒಂದು ಚಿಟಿಕೆ ತೆಗೆದು ಹಣೆಗಿಟ್ಟುಕೊಂಡು ಕಳಿಸಿದಳು. ಪುಣ್ಯಾತ್ಗಿತ್ತಿ.

ವಿಮಾನದಲ್ಲಿ ಕಣ್ಣು ಮುಚ್ಚಿ ಪಂಚಾಕ್ಷರಿ ಶುರು ಮಾಡಿದೆ. ನಮ್ಮನೆಯವರು ತಟ್ಟಿ, "ಕಣ್ಣ ಬಿಡು, ಸಿಲೋನ್ ಬಂದುಬುಟ್ಟತು" ಎಂದರು. ಊಟಿಯಿಂದ ಮೇಟ್ಟುಪಾಳ್ಯಕ್ಕೆ ಬಸ್ಸು ಇಳಿಯುವಷ್ಟು ಹೊತ್ತಿನೊಳಗೆ ಇನ್ನೊಂದು ದೇಶ!

ಬೆಟ್ಟದ ರೈಲು

ಕೊಲಂಬೋದಿಂದ ಬೆಟ್ಟಕ್ಕೆ ಹತ್ತುವ ನೀಲಿ ರೈಲು ನಮ್ಮ ಕುನ್ನೂರಿನ ಪುಟ್ಟ ರೈಲಿನ ದೊಡ್ಡಣ್ಣನಂತೆ ಇತ್ತು. ಮೊದಲು ತೆಂಗು, ಆಮೇಲೆ ರಬ್ಬರು, ಆಮೇಲೆ ನೋಡನೋಡುತ್ತ ಟೀ. ಮಂಜು ಬಂದು ಕಿಟಕಿ ಮುಚ್ಚಿತು. ನಮ್ಮ ಬೆಟ್ಟದ ಅವಲಾಂಚಿಯ ಮಂಜೇ ನಮ್ಮ ಹಿಂದೆ ಬಂದಂತಾಯಿತು.

ದಾರಿಯಲ್ಲಿ ಒಂದು ಊಟದಂಗಡಿ. "ಮೀನು ಇಲ್ಲ ತಾನೇ?" ಎಂದು ಕೇಳಿದೆ. "ಇಲ್ಲವೇ ಇಲ್ಲಮ್ಮಾ" ಎಂದು ಆಣೆ ಇಟ್ಟಂತೆ ಹೇಳಿದರು. ತಟ್ಟೆ ಮುಂದೆ ಬಂದ ಮೇಲೆ ತೆಂಗಿನಕಾಯಿ ಚಟ್ನಿಯ ವಾಸನೆ ಬೇರೆ. ಅದಕ್ಕೆ ಒಣಮೀನಿನ ಪುಡಿ ಹಾಕುತ್ತಾರಂತೆ. ಅವರ ಪ್ರಕಾರ ಪುಡಿ ಮೀನಲ್ಲ, ಅದು ಮಸಾಲೆ. ಅವರ ಮುಖದಲ್ಲಿ ಒಂಚೂರೂ ಕಪಟ ಇರಲಿಲ್ಲ, ಆದ್ದರಿಂದ ಸಿಟ್ಟೂ ಬರಲಿಲ್ಲ. ಬಾಳೆಹಣ್ಣು ತಿಂದೆವು. ಆಮೇಲೆ ಅವರೇ ಮನಸ್ಸು ನೊಂದು ಹಾಲಿಲ್ಲದ ಕಪ್ಪು ಟೀ ತಂದರು. ಸಕ್ಕರೆ ಹಾಕುವುದಿಲ್ಲ; ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಂಡು, ಅದನ್ನು ಕಚ್ಚಿ ಟೀ ಹೀರುತ್ತಾರೆ. ನಮ್ಮನೆಯವರು ನನ್ನ ಕಣ್ತಪ್ಪಿಸಿ ಎರಡು ಚೂರು ಮುಗಿಸಿದರು.

ಪುಷ್ಪಳ ಮನೆ

ಎಸ್ಟೇಟಿನ ಆಳುಗಳ ಸಾಲುಮನೆಗೆ ಅವರು ಲಯ ಎನ್ನುತ್ತಾರೆ. ಒಂದೇ ಗೋಡೆ, ಒಂದೇ ತಗಡಿನ ಸೂರು, ಅದರಡಿ ಒಂದು ಸಾಲು ಸಂಸಾರ. ಕುಂದಾದ ಪವರ್‌ಹೌಸ್ ಕಾಲೊನಿಯೂ ಸಾಲುಮನೆಯೇ, ಆದರೆ ಅಲ್ಲಿ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳಿಸುವುದಿಲ್ಲ.

ಡಬ್ಬಿ ತೆರೆದರೆ ವರ್ಕಿಯೆಲ್ಲ ಪುಡಿ. ನಾನು ಹಣೆ ಚಚ್ಚಿಕೊಂಡೆ. ಪುಷ್ಪಂ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಚಿಕ್ಕಮ್ಮ ಹಲ್ಲಿಲ್ಲದವರಿಗೆ ಕಳಿಸಿದ ಹಾಗಿದೆ ಅಕ್ಕಾ" ಎಂದು ನಕ್ಕಳು. ಸಣ್ಣ ಮೈಕಟ್ಟು, ಬೆರಳ ತುದಿಗಳು ಎಲೆಯ ಕರೆ ಹಿಡಿದು ಕಪ್ಪು. ನಮಗೆ ಕೊಟ್ಟ ಟೀ ಬರೀ ದೂಳುಪುಡಿಯದು, ನಮ್ಮ ಮನೆಯದಕ್ಕಿಂತ ಕೆಳಗಿನದು.

ಮಗಳ ಮಾತು ತೆಗೆದಾಗ ನಗು ಹೋಯಿತು.

"ನಾಳಿದ್ದು ಪರೀಕ್ಷೆ ಅಕ್ಕಾ. ಇವಳೇ ಟೀ ಮಾಡಬೇಕಂತೆ. ಕಂಪನಿಯವರು ಬಂದು ಕುಡಿದು ನೋಡುತ್ತಾರಂತೆ. ಹಿಡಿಸಿದರೆ ಫ್ಯಾಕ್ಟರಿಯಲ್ಲಿ ಆಫೀಸರ್ ಕೆಲಸ."

"ಹಿಡಿಸದಿದ್ದರೆ?"

"ಮುಂದಿನ ವರ್ಷ ಮತ್ತೆ. ಆದರೆ ಇನ್ನೊಂದು ವರ್ಷ ಕೂರಿಸಿ ಹಾಕಲು ನನ್ನ ಕೈಲಾಗುವುದಿಲ್ಲ. ಕುವೈತಿನಲ್ಲಿ ಒಂದು ಮನೆಗೆಲಸ ಮಾತಾಡಿ ಇಟ್ಟಿದ್ದೇನೆ. ಪಾಸ್‌ಪೋರ್ಟೂ ಆಗಿದೆ."

"ಅವಳಿಗೆ ಗೊತ್ತಾ?"

"ಫೋಟೋಗೆ ಕೂತವಳು ಅವಳೇ ಅಲ್ಲವಾ ಅಕ್ಕಾ?"

ಆಮೇಲೆ ಪುಷ್ಪಂ, ತಾನೇ ಸಮಾಧಾನ ಹೇಳುವವಳಂತೆ, "ಕಾಲೇಜಿಗೆ ಎಲೆ ಹೋಗುವುದು ನಮ್ಮ ಬೆಟ್ಟದಿಂದಲೇ. ನಾಳೆ ನಾನೇ ಕೀಳುತ್ತೇನೆ. ಒಂದು ಗಡುಸು ಎಲೆ ಬೀಳಲು ಬಿಡುವುದಿಲ್ಲ" ಎಂದಳು.

ಮಕ್ಕಳು ಮೈ ಬಗ್ಗಿಸುವ ವಿಶ್ವವಿದ್ಯಾಲಯ

ವಿಶ್ವವಿದ್ಯಾಲಯ ಎಂದರೆ ಕಂಬಗಳ ಕಟ್ಟಡ, ಮರದ ಕೆಳಗೆ ಪುಸ್ತಕ ಹಿಡಿದ ಮಕ್ಕಳು ಎಂದುಕೊಂಡಿದ್ದೆ. ಗೇಟಿನ ಒಳಗೆ ಹೋದರೆ ಮೊದಲು ಕಂಡದ್ದು ಟ್ರ್ಯಾಕ್ಟರಿನ ಅಡಿಯಿಂದ ಚಾಚಿದ ಎರಡು ಕಾಲು. ಇನ್ನೊಂದು ಕಡೆ ಉದ್ದ ಜಡೆಯ ಹುಡುಗಿಯೊಬ್ಬಳು ಮುಖಕ್ಕೆ ಕವಚ ಹಿಡಿದು ಕಬ್ಬಿಣ ಬೆಸೆಯುತ್ತಿದ್ದಳು, ಕಿಡಿ ಹಾರುತ್ತಿತ್ತು. ನಾನು ಸೆರಗು ಎಳೆದುಕೊಂಡು ನಿಂತುಬಿಟ್ಟೆ.

ನಮ್ಮನ್ನು ಕರೆದೊಯ್ದದ್ದು ಟೀ ವಿಭಾಗದ ಸಂಧ್ಯಾ ಮೇಡಂ. ಸಿಂಹಳದವರು, ತಮಿಳನ್ನು ನಿಧಾನವಾಗಿ, ಕಲ್ಲು ಆರಿಸುವಂತೆ ಆರಿಸಿ ಆಡುತ್ತಾರೆ. ಮುಚ್ಚಿಹೋಗಿದ್ದ ಹಳೆಯ ಎಸ್ಟೇಟ್ ಫ್ಯಾಕ್ಟರಿಯೊಂದು ಅವರ ಪಾಠಶಾಲೆ. ಕೆಳಗೆ ಯಂತ್ರಗಳು, ಮೇಲೆ ಎಲೆ ಬಾಡಿಸುವ ಅಟ್ಟ, ಅದರ ತುದಿಯಲ್ಲಿ ಅತಿಥಿಗಳ ಕೋಣೆ. ನಮಗೆ ಕೊಟ್ಟದ್ದು ಅದೇ.

"ಇಲ್ಲಿ ಏನು ಕಲಿಸಬೇಕು ಅಂತ ನಾವಷ್ಟೇ ಕೂತು ತೀರ್ಮಾನಿಸುವುದಿಲ್ಲ" ಎಂದರು ಮೇಡಂ. "ಫ್ಯಾಕ್ಟರಿಯವರು ಬಂದು ಹೇಳುತ್ತಾರೆ. ಕಲಿಸುವ ನಾವೂ ಆಗಾಗ ಹೋಗಿ ಫ್ಯಾಕ್ಟರಿಯಲ್ಲಿ ದುಡಿದು ಬರಬೇಕು. ಇಲ್ಲದಿದ್ದರೆ ನಮಗೇ ತುಕ್ಕು ಹಿಡಿಯುತ್ತದೆ."

ನಮ್ಮನೆಯವರು ಕೇಳಿದರು: "ಓದು ಅಂದರೆ ಬರೀ ಕೆಲಸಕ್ಕಾಗಿಯೇ? ಹಾಗಂತ ಆಡಿಕೊಳ್ಳುವವರು ಇಲ್ಲವೇ?"

"ಇದ್ದಾರಲ್ಲ! ಆದರೆ ಲಯದಿಂದ ಬರುವ ತಾಯಿ ನನ್ನನ್ನು ಕೇಳುವುದು ಒಂದೇ ಪ್ರಶ್ನೆ, ಓದಿದ ಮೇಲೆ ಕೆಲಸ ಸಿಗುತ್ತದಾ ಅಂತ. ಆ ಪ್ರಶ್ನೆಗೆ ನಾಚಿಕೆಪಡುವಷ್ಟು ನಮ್ಮ ದೇಶ ಉಂಡು ತೇಗಿಲ್ಲ."

ಕೆಲವು ವರ್ಷಗಳ ಹಿಂದೆ ಅವರ ದೇಶಕ್ಕೆ ದೊಡ್ಡ ಕಷ್ಟ ಬಂತಲ್ಲ, ಪೆಟ್ರೋಲಿಗೆ ಸಾಲು, ಗ್ಯಾಸಿಗೆ ಸಾಲು. ಆಗ ಹೊರದೇಶದಿಂದ ಯಂತ್ರದ ಬಿಡಿಭಾಗ ಬರುವುದೂ ನಿಂತಿತಂತೆ. ಸುತ್ತಲಿನ ಫ್ಯಾಕ್ಟರಿಗಳಿಗೆ ಬೇಕಾದ ಬುಷ್ಷು, ಬೆಲ್ಟು ಸುತ್ತುವ ಪುಲ್ಲಿಗಳನ್ನು ಈ ಮಕ್ಕಳೇ ಲೇಥಿನಲ್ಲಿ ಕಡೆದು ಕೊಟ್ಟರಂತೆ. ಮೇಡಂ ಒಂದು ಹಳೆಯ ಪುಲ್ಲಿ ತೋರಿಸಿದರು. ಕೈಗೆ ತೆಗೆದುಕೊಂಡೆ. ಭಾರವಾಗಿತ್ತು, ನುಣುಪಾಗಿತ್ತು. ಒಂದು ದೇಶದ ಹೊಟ್ಟೆಪಾಡು ಇಂಥ ದುಂಡನೆಯ ಕಬ್ಬಿಣದ ಮೇಲೆ ನಿಂತಿರುತ್ತದೆ, ಅದನ್ನು ಮಾಡಬಲ್ಲ ಮಗು ಹತ್ತಿರದಲ್ಲೇ ಇರಬೇಕು ಎಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಯಾಕೋ ಕಣ್ಣಿಗೊತ್ತಿಕೊಂಡೆ. ಮೇಡಂ ನಗಲಿಲ್ಲ.

ಕಲೈ ಬಂದಳು. ಅಮ್ಮನ ಮೈಕಟ್ಟೇ, ಬಿಳಿ ಕೋಟು, ತಲೆಗೆ ಟೋಪಿ. ಕಾಲಿಗೆ ಬೀಳಲು ಬಗ್ಗಿದವಳನ್ನು ಹಿಡಿದು ಎತ್ತಿದೆ. "ದೊಡ್ಡಮ್ಮಾ, ಅಮ್ಮನ ಎಲೆ ಬಂತು. ನೋಡಿ, ಒಂದೊಂದೂ ಎರಡೆಲೆ ಒಂದು ಮೊಗ್ಗು!" ಎಂದಳು. ಆ ಎಲೆಯನ್ನು ಎರಡು ಉದ್ದ ಜಾಲರಿ ತೊಟ್ಟಿಗಳಲ್ಲಿ ಹರಡಿ, ಪ್ರತಿ ತೊಟ್ಟಿಯ ಬಾಯಿಯಲ್ಲಿದ್ದ ದೊಡ್ಡ ಫ್ಯಾನು ಹಾಕಿದಳು. ಬೆಳಗಿನವರೆಗೆ ಅಡಿಯಿಂದ ಗಾಳಿ ಬೀಸಿ ಎಲೆ ಬಾಡಬೇಕು.

ಪರೀಕ್ಷೆಯ ಪದ್ಧತಿ ವಿಚಿತ್ರ. ಎಲೆ ಹರಡಿದ ಗಳಿಗೆಯಿಂದ ಟೀ ಆಗುವವರೆಗೆ ಗುರುಗಳು ಮುಟ್ಟುವಂತಿಲ್ಲ, ಬಾಯಿ ಬಿಡುವಂತಿಲ್ಲ. ಮೇಡಂ ಎರಡು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ನನ್ನ ಪೂಜೆ

ಅಂದು ಸೋಮವಾರ. ಸಂಜೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತೆ. ಬಿಲ್ವಪತ್ರೆ ಸಿಗಲಿಲ್ಲ, ಕ್ಯಾಂಟೀನಿನ ಅಂಗಳದ ಬಿಳಿ ಹೂ ಸಿಕ್ಕಿತು. ಅಡಿಗೆಯವರು ತೆಂಗಿನ ಚಿಪ್ಪಿನ ಕೆಂಡ ಕೊಟ್ಟರು. ಆ ಮಗುವಿನ ನಾಳೆಯನ್ನು ನೆನೆದು ಸಾಂಬ್ರಾಣಿಯನ್ನು ಧಾರಾಳವಾಗಿಯೇ ಹಾಕಿದೆ. ನಮ್ಮನೆಯವರು ಕೆಮ್ಮಿದರು. ಹೊಗೆ ಹೋಗಲೆಂದು ಕೆಂಡದ ತಟ್ಟೆಯನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟೆ. ಹೊಗೆ ಎಷ್ಟು ಚೆನ್ನಾಗಿ ಹೊರಗೆ ಹೋಯಿತು ಎಂದರೆ, ಯಾರೋ ಆಚೆಯಿಂದ ಎಳೆದುಕೊಳ್ಳುತ್ತಿರುವಂತೆ ಹೋಯಿತು. ಶಿವನೇ ಒಪ್ಪಿಸಿಕೊಂಡ ಎಂದು ಕೈ ಮುಗಿದೆ.

ಬೆಳಗಿನ ಅಟ್ಟ

ಬೆಳಕು ಹರಿಯುವ ಹೊತ್ತಿಗೆ ನಮ್ಮನ್ನೂ ಕರೆದರು. ಬಾಡಿದ ಎಲೆಯ ಪರಿಮಳವೇ ಬೇರೆ, ಹಣ್ಣಿನಂಗಡಿಗೆ ಹೊಕ್ಕಂತೆ. ಕಲೈ ಒಂದು ಹಿಡಿ ತೆಗೆದು ಉಂಡೆ ಕಟ್ಟಿ ಬಿಟ್ಟಳು. ಅದು ಮೆಲ್ಲಗೆ ಬಿಚ್ಚಿಕೊಂಡಿತು. ಹದ ಬಂದಿದೆ ಎಂದು ಅರ್ಥ. ಇನ್ನೊಂದು ತೊಟ್ಟಿಯಿಂದ ಹಿಡಿ ತೆಗೆದು ಮೂಗಿಗೆ ಹಿಡಿದವಳು ಹಾಗೇ ನಿಂತಳು.

"ದೊಡ್ಡಮ್ಮಾ, ನಿಮ್ಮ ಕೋಣೆಯಲ್ಲಿ ಸಾಂಬ್ರಾಣಿ ಹಾಕಿದಿರಾ?"

"ಹೌದಮ್ಮಾ. ನಿನಗೋಸ್ಕರವೇ."

ಅವಳು ನಮ್ಮ ಕೋಣೆಯ ಕಿಟಕಿಯ ಕಡೆ ನೋಡಿದಳು. ನಾನೂ ನೋಡಿದೆ. ನಾನು ಕೆಂಡ ಇಟ್ಟ ಕಟ್ಟೆಯ ಕೆಳಗೇ ಆ ತೊಟ್ಟಿಯ ಫ್ಯಾನು ಗಾಳಿ ಎಳೆದುಕೊಳ್ಳುವ ಬಾಯಿ. ಆಚೆಯಿಂದ ಎಳೆದುಕೊಂಡವನು ಶಿವನಲ್ಲ.

ಟೀ ಎಲೆ ಯಾವ ವಾಸನೆ ಬಂದರೂ ಹಿಡಿದುಕೊಂಡುಬಿಡುತ್ತದಂತೆ. ಮನೆಯ ಸುತ್ತ ಟೀ ತೋಟ ಇಟ್ಟುಕೊಂಡ ನನಗೆ ಇದು ಗೊತ್ತಿರಲಿಲ್ಲ.

"ಏನ ಮಾಡಿಬುಟ್ಟೆ ನೀ!" ಎಂದು ನಮ್ಮನೆಯವರು ನಮ್ಮ ಹಟ್ಟಿಯ ಬಡಗು ಮಾತಿನಲ್ಲಿ ಹಲ್ಲು ಕಚ್ಚಿದರು. "ಆ ಕೂಸಿನ ಬದುಕೇ ಅದರೊಳಗೆ ಇದ್ದತು."

"ತೊಳೆದರೆ ಹೋಗುವುದಿಲ್ಲವಾ ಮಗಳೇ?" ಎಂದೆ, ದಡ್ಡಿಯ ಹಾಗೆ.

"ಇದು ಸೀರೆಯಲ್ಲ ದೊಡ್ಡಮ್ಮಾ." ಆ ಸ್ಥಿತಿಯಲ್ಲೂ ಅವಳ ತುಟಿಯಲ್ಲಿ ನಗು ಬಂದು ಹೋಯಿತು. ನನ್ನ ಜೀವ ಮಾತ್ರ ಕುವೈತಿನ ಯಾವುದೋ ಅಡಿಗೆಮನೆಯಲ್ಲಿ ನಿಂತಿತ್ತು. ಮೇಡಂ ಮುಖ ನೋಡಿದೆ. ಅವರು ತುಟಿ ಬಿಗಿ ಹಿಡಿದಿದ್ದರು, ಬೆನ್ನ ಹಿಂದಿನ ಕೈ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. ಅಷ್ಟು ಪ್ರೀತಿ ಇದ್ದೂ ಬಾಯಿ ಕಟ್ಟಿಕೊಂಡು ನಿಲ್ಲುವುದು ನನ್ನಿಂದ ಆಗುವ ತಪಸ್ಸಲ್ಲ.

ಕಲೈ ಅಳಲಿಲ್ಲ. ಹೊರಗೆ ಹೋಗಿ ಮುಖ ತೊಳೆದು, ಒಳ್ಳೆಯ ಗಾಳಿ ಎಳೆದುಕೊಂಡು ಬಂದಳು. ಮೊದಲ ತೊಟ್ಟಿಯ ಉದ್ದಕ್ಕೂ ನಡೆಯುತ್ತ, ಹಿಡಿ ಹಿಡಿಯಾಗಿ ಎಲೆ ಎತ್ತಿ ಮೂಸಿದಳು. ತುದಿ ಮುಟ್ಟಿದ ಮೇಲೆ, "ಇದು ಶುದ್ಧವಾಗಿದೆ" ಎಂದು ತನಗೇ ಹೇಳಿಕೊಂಡಳು. ಅಂದರೆ ಅರ್ಧ ಉಳಿಯಿತು. ಆದರೆ ಎಲೆ ಹೊಸೆಯುವ ದೊಡ್ಡ ಯಂತ್ರಕ್ಕೆ ಅರ್ಧ ಸಾಲದು. ಹೊಟ್ಟೆ ತುಂಬದಿದ್ದರೆ ಅದು ಎಲೆಯನ್ನು ಹೊಸೆಯುವುದಿಲ್ಲ, ಸುಮ್ಮನೆ ಉರುಳಿಸುತ್ತದಂತೆ. ಮೂಲೆಯಲ್ಲಿ ಮೊದಲ ವರ್ಷದ ಮಕ್ಕಳು ಕಲಿಯುವ ಒಂದು ಚಿಕ್ಕ ಯಂತ್ರ ಇತ್ತು. ಅದನ್ನು ಒರೆಸಿ, ಎಣ್ಣೆ ನೋಡಿ, ಖಾಲಿ ಓಡಿಸಿ, ಕಿವಿ ಕೊಟ್ಟು ಕೇಳಿದಳು. ಆಮೇಲೆ ಅಮ್ಮನ ಎಲೆಯನ್ನು ಅದರಲ್ಲಿ ಸುರಿದಳು.

ಹಸಿರು ಮುದುಡಿತು, ತಾಮ್ರದ ಬಣ್ಣಕ್ಕೆ ತಿರುಗಿತು, ಬೆಂಕಿಯ ಗಾಳಿಯಲ್ಲಿ ಕಪ್ಪಾಯಿತು. ಪಕ್ಕದಲ್ಲಿ ನಿಂತು ನೋಡಿದೆ. ಬೀಜ ಮೊಳಕೆಯಾಗುವುದನ್ನು ಎದುರಿಗೆ ಕೂತು ನೋಡಿದಂತಿತ್ತು. ಇಷ್ಟು ವರ್ಷ ನಾವು ರಸ್ತೆ ಬದಿಯಲ್ಲಿಟ್ಟು ಬಂದ ಚೀಲಗಳೊಳಗೆ ಇದೆಲ್ಲ ಇತ್ತು.

ರುಚಿ ನೋಡುವ ಕೋಣೆ

ಮಧ್ಯಾಹ್ನ ಉದ್ದ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು. ಒಬ್ಬೊಬ್ಬ ವಿದ್ಯಾರ್ಥಿಯದು ಒಂದೊಂದು ಬಟ್ಟಲು. ಕಂಪನಿಗಳಿಂದ ಬಂದ ಇಬ್ಬರು ದೊಡ್ಡ ಮನುಷ್ಯರು ಚಮಚದಲ್ಲಿ ಟೀ ತೆಗೆದು ಎಮ್ಮೆ ನೀರು ಕುಡಿದಂತೆ ಸದ್ದು ಮಾಡಿ ಹೀರಿ, ಕ್ಷಣ ನಿಂತು, ಪಾತ್ರೆಗೆ ಉಗಿಯುತ್ತಾರೆ. ಮಕ್ಕಳು ಹೀಗೆ ಮಾಡಿದರೆ ನಮ್ಮಲ್ಲಿ ತಲೆಗೆ ಮೊಟಕುತ್ತೇವೆ.

ಕಲೈಯ ಸರದಿ ಬಂತು. ಅವಳ ಮುಂದೆ ಎರಡು ಬಟ್ಟಲು. ಕೆಟ್ಟ ಅರ್ಧವನ್ನೂ ಅವಳು ಬೇರೆಯಾಗಿ ಟೀ ಮಾಡಿದ್ದಳು.

"ಇದು ನನ್ನ ಟೀ. ಅರ್ಧವೇ ಇದೆ. ಇನ್ನರ್ಧ ಈ ಎರಡನೆಯ ಬಟ್ಟಲು, ಇದಕ್ಕೆ ಹೊಗೆ ಹಿಡಿದಿದೆ" ಎಂದಳು. ನಾನು ಎದ್ದು ನಿಲ್ಲಬೇಕು, ನನ್ನ ತಪ್ಪು ಎನ್ನಬೇಕು ಎಂದು ಸೆರಗು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಅವಳೇ, "ಫ್ಯಾನು ಹಾಕುವ ಮೊದಲು ಗಾಳಿ ಎಲ್ಲಿಂದ ಬರುತ್ತದೆ ಅಂತ ಸುತ್ತ ನೋಡಬೇಕಾದದ್ದು ನನ್ನ ಕೆಲಸ. ನಾನು ನೋಡಲಿಲ್ಲ" ಎಂದಳು.

ನಾನು ಕೂತೇ ಇದ್ದೆ.

ಅವರಲ್ಲಿ ಹಿರಿಯರಾದವರು ಎರಡನೆಯದನ್ನು ಹೀರಿ, ಉಗಿದು, "ಕೋವಿಲ್" ಎಂದರು. ದೇವಸ್ಥಾನ! ಎಲ್ಲರೂ ನಕ್ಕರು. ಆಮೇಲೆ ಮೊದಲನೆಯದನ್ನು ಹೀರಿದರು. ಉಗಿದರು. ಮುಂದಿನ ಬಟ್ಟಲಿಗೆ ಹೋದರು. ಸಾಲಿನ ಕೊನೆ ಮುಟ್ಟಿದವರು ಮತ್ತೆ ತಿರುಗಿ ಬಂದು ಕಲೈಯ ಬಟ್ಟಲಿನ ಮುಂದೆ ನಿಂತರು. ಇನ್ನೊಮ್ಮೆ ಹೀರಿದರು. ಈ ಸಲ ಉಗಿಯಲಿಲ್ಲ, ನುಂಗಿದರು.

"ಚಿಕ್ಕ ಯಂತ್ರದಲ್ಲಿ ಮಾಡಿದೆಯಾ?"

"ಹೌದು ಸರ್."

"ಯಾರು ಹೇಳಿದರು?"

"ಯಾರೂ ಹೇಳಲಿಲ್ಲ ಸರ್. ಎಲೆ ಅಷ್ಟೇ ಇತ್ತು."

ಅವರು ಜೊತೆಯವರ ಕಡೆ ನೋಡಿದರು, ಜೊತೆಯವರು ತಲೆಯಾಡಿಸಿದರು. "ಪಕ್ಕದ ಕಣಿವೆಯಲ್ಲಿ ನಮ್ಮದೊಂದು ಫ್ಯಾಕ್ಟರಿ ಇದೆ. ಬರುವ ತಿಂಗಳು ಸೇರಬಹುದಾ?"

ಸಂಧ್ಯಾ ಮೇಡಂ ಬೆನ್ನ ಹಿಂದಿನ ಕೈ ಬಿಚ್ಚಿ ಮುಖ ಮುಚ್ಚಿಕೊಂಡರು. ನಾನು ಲಿಂಗವನ್ನು ಎದೆಗೊತ್ತಿಕೊಂಡೆ. ತಪ್ಪು ಮಾಡಿಸಿದವನೂ ಅವನೇ, ಕಾಪಾಡಿದವನೂ ಅವನೇ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ನನ್ನ ಕಣ್ಣೆದುರಿಗೆ ಕಾಪಾಡಿದ್ದು ಆ ಹುಡುಗಿಯ ಮೂಗು, ಅವಳ ಕೈ, ಅವುಗಳನ್ನು ತಿದ್ದಿದ ಈ ಶಾಲೆ. ಅವನು ಕೊಟ್ಟದ್ದನ್ನು ಹೀಗೆ ತಿದ್ದುವವರೂ ಬೇಕು.

ಆಗ ಬಾಗಿಲಲ್ಲಿ ಪುಷ್ಪಂ ಕಂಡಳು. ಅರ್ಧ ದಿನದ ಕೆಲಸ ಮುಗಿಸಿ, ಒಳ್ಳೆಯ ಸೀರೆಯುಟ್ಟು ಬಂದಿದ್ದಳು. ಚಪ್ಪಲಿ ಬಿಟ್ಟು ಹೊರಗೇ ನಿಂತಿದ್ದಳು. ಎಲೆ ಕೀಳುವವರು ಎಲೆ ತೂಗುವ ಚಾವಡಿಯನ್ನು ದಾಟಿ ಫ್ಯಾಕ್ಟರಿಯ ಒಳಗೆ ಬರುವ ಪದ್ಧತಿ ಅವರಲ್ಲಿ ಇಲ್ಲ.

"ಬಾ ಪುಷ್ಪಂ!" ಎಂದೆ.

"ಬೇಡ ಅಕ್ಕಾ, ಇಲ್ಲಿಂದಲೇ ಕಾಣಿಸುತ್ತದೆ. ಏನಾಯಿತು?"

ಕಲೈ ಒಂದು ಬಿಳಿ ಕೋಟು, ಟೋಪಿ ಹಿಡಿದು ಬಾಗಿಲಿಗೆ ಹೋದಳು. "ಅಮ್ಮಾ, ಇದನ್ನು ಹಾಕಿಕೋ. ಕೂದಲೆಲ್ಲ ಟೋಪಿಯೊಳಗೆ ಹೋಗಬೇಕು. ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ."

"ಯಾರು ಬಿಡುವುದಿಲ್ಲ?"

"ನಾನೇ."

ಪುಷ್ಪಂ ಮಗಳ ಮುಖ ನೋಡಿದಳು. ಕೆಲಸದ ಮಾತನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಕೋಟಿನ ತೋಳು ಉದ್ದವಾಗಿ ಅವಳ ಕರೆ ಹಿಡಿದ ಬೆರಳುಗಳನ್ನೆಲ್ಲ ಮುಚ್ಚಿತು. ಕಲೈ ಅದನ್ನು ಮಡಚಿ ಮೇಲೆ ಸರಿಸಿ, ಕೈಗೆ ಬಟ್ಟಲು ಕೊಟ್ಟಳು. ಪುಷ್ಪಂ ಹೀರಲಿಲ್ಲ, ಉಗಿಯಲಿಲ್ಲ. ಮನೆಯಲ್ಲಿ ಕುಡಿಯುವಂತೆ ಒಂದು ಗುಟುಕು ಕುಡಿದು, ಬಟ್ಟಲೊಳಗೆ ನೋಡಿದಳು. ಇನ್ನೊಂದು ಗುಟುಕು ಕುಡಿದಳು.

"ಇಷ್ಟು ವರ್ಷ ನಾನು ಕಿತ್ತದ್ದು ಇದನ್ನಾ?" ಎಂದಳು.